ಲಾಯಲ್ ನಾಸ್ಕೆ ಕೇಳದಿದ್ದ ಕ್ಷಮೆ

ನಮ್ಮ ವಾರಾಂಬಿಯಲ್ಲಿ ಒಬ್ಬ ಮನುಷ್ಯನನ್ನು ನೆಲಸಮ ಮಾಡಬೇಕೆಂದರೆ ಯಾರೂ ಕೈಯೆತ್ತುವುದಿಲ್ಲ, ಬಾಯಿಗೆ ಬಂದ ಹಾಗೆ ಬೈಯುವುದೂ ಇಲ್ಲ. ಎಲ್ಲರೂ ಸೇರಿ ಅವನನ್ನು ಕ್ಷಮಿಸಿಬಿಡುತ್ತಾರೆ. ಲಾಯಲ್ ನಾಸ್ಕೆಗೆ ಮಾಡಿದ್ದು ಅದನ್ನೇ. ಆ ವರ್ಷದ ಕೃಷಿ ಮೇಳ ಮುಗಿದ ಮೇಲೆ ಬ್ರೆಡ್ಡು ತರಲು ಹೋದರೆ ಬೇಕರಿಯ ಹೆಂಗಸು ಅವನ ಕೈಮೇಲೆ ಕೈಯಿಟ್ಟು, “ಬಿಡಪ್ಪ ಲಾಯಲ್, ಯಾರಿಗಾದ್ರೂ ಆಗುತ್ತೆ” ಎಂದಳು. ಪೆಟ್ರೋಲ್ ಬಂಕಿನವನು “ತಲೆ ಕೆಡಿಸ್ಕೋಬೇಡ ಗುರೂ” ಎಂದ. ಭಾನುವಾರ ಚರ್ಚಿನ ಬಾಗಿಲಲ್ಲಿ ಪಾದ್ರಿಗಳು ಏನೂ ಹೇಳದೆ ಭುಜ ಒತ್ತಿದರು. ಅದು ಎಲ್ಲಕ್ಕಿಂತ ಹೆಚ್ಚು ಉರಿಸಿತು. ಯಾಕೆಂದರೆ ಲಾಯಲ್ ಯಾವ ತಪ್ಪನ್ನೂ ಮಾಡಿರಲಿಲ್ಲ. ಮಾಡದ ತಪ್ಪಿಗೆ ಬೈದರೆ ತಿರುಗಿ ಬೈಯಬಹುದು. ಮಾಡದ ತಪ್ಪಿಗೆ ಕ್ಷಮಿಸಿದರೆ ಏನು ಮಾಡುವುದು?

ಅವನ ಕಸುಬು ಬೋರ್ಡುಗಳಿಗೆ ಕಾಲು ಕೊಡುವುದು. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. ಗೋಧಿಯ ದೊಡ್ಡ ಕಣಜಗಳ ಹಿಂದೆ ಅವನ ತಗಡಿನ ಶೆಡ್ಡು. ಅದರೊಳಗೆ ಹಳೆಯ ಗಾಳಿಯಂತ್ರಗಳ ಪೈಪು, ತುಕ್ಕು ಹಿಡಿದ ನೇಗಿಲು, ಮುರಿದ ಗೇಟು, ವೆಲ್ಡಿಂಗ್ ಕಿಡಿಗೆ ತೂತಾದ ಅವನ ಅಂಗಿಗಳು. ‘ಕುರಿ ಈ ಕಡೆ’, ‘ಕೇಕು ಸ್ಪರ್ಧೆ’, ‘ಕುದುರೆ ಬರುತ್ತದೆ, ನಿಲ್ಲಿ’ ಎಂದೆಲ್ಲ ಬೋರ್ಡು ಬರೆಯುವವರು ಬೇರೆ, ಅವನ್ನು ಬಯಲಿನಲ್ಲಿ ನಿಲ್ಲಿಸುವವನು ಇವನು. ಸುತ್ತಲಿನ ಊರುಗಳ ಮೇಳಗಳಲ್ಲೂ ನಿಂತಿದ್ದು ಇವನ ಸ್ಟ್ಯಾಂಡುಗಳೇ.

ನೆಲಕ್ಕೆ ಗೂಟ ಹೊಡೆದು ಬೋರ್ಡು ಕಟ್ಟುವುದು ಯಾವ ಮಹಾ ವಿದ್ಯೆ ಎಂದು ನೀವು ಕೇಳಬಹುದು. ಆದರೆ ವಾರಾಂಬಿಯ ಮೇಳ ನಡೆಯುವುದು ಫುಟ್‌ಬಾಲ್ ಮೈದಾನದಲ್ಲಿ. ಆ ಹುಲ್ಲಿಗೆ ಗೂಟ ಹೊಡೆದವನು ಈ ಊರಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಹಿಂದೊಮ್ಮೆ ಗೊಬ್ಬರ ಮಾರಲು ಬಂದ ಹೊರಗಿನವನೊಬ್ಬ ತನ್ನ ಡೇರೆಗೆ ಕಬ್ಬಿಣದ ಗೂಟ ಹೊಡೆದು, ಅದು ನೆಲದೊಳಗಿನ ನೀರಿನ ಪೈಪಿಗೆ ತಾಗಿ, ಸ್ಪರ್ಧೆಗಿಟ್ಟ ಕೇಕುಗಳೆಲ್ಲ ತೊಯ್ದು ಮುದ್ದೆಯಾಗಿದ್ದವು. ಅವನ ಹೆಸರು ಹೇಳಿ ನಮ್ಮೂರಿನ ಹೆಂಗಸರು ಇವತ್ತಿಗೂ ಹಲ್ಲು ಕಡಿಯುತ್ತಾರೆ. ಅಂದಿನಿಂದ ಒಂದು ಮೊಳೆಯೂ ಆ ಮೈದಾನಕ್ಕೆ ಇಳಿದಿಲ್ಲ.

ಹಾಗಾಗಿ ಬೋರ್ಡು ತನ್ನ ಕಾಲಮೇಲೆ ತಾನೇ ನಿಲ್ಲಬೇಕು. ಅಕ್ಟೋಬರಿನ ಉತ್ತರದ ಗಾಳಿಗೆ ನಿಲ್ಲುವುದೆಂದರೆ ಹುಡುಗಾಟವಲ್ಲ. ಮರುಭೂಮಿಯ ಕಡೆಯಿಂದ ಬಿಸಿ ದೂಳು ಹೊತ್ತು ಬರುವ ಆ ಗಾಳಿಗೆ ಕೊಬ್ಬಿದ ಟಗರೂ ಒಂದು ಹೆಜ್ಜೆ ಪಕ್ಕಕ್ಕೆ ಇಡುತ್ತದೆ. ಲಾಯಲ್‌ನ ಸ್ಟ್ಯಾಂಡಿಗೆ ಮುಂದೆ ಎರಡು ಗಿಡ್ಡ ಕಾಲು, ಹಿಂದಕ್ಕೆ ಚಾಚಿದ ಒಂದು ಉದ್ದ ಕಾಲು. ಆ ಉದ್ದ ಕಾಲಿನ ತುದಿಗೆ ಟ್ರ್ಯಾಕ್ಟರ್ ನೇಗಿಲಿನ ದಪ್ಪನೆಯ ಉಕ್ಕಿನ ತಟ್ಟೆ, ಬೋಗುಣಿ ಕವುಚಿದ ಹಾಗೆ. ಗಾಳಿ ಬೋರ್ಡನ್ನು ಮುಂದಕ್ಕೆ ದಬ್ಬಿದರೆ ಹಿಂದಿನಿಂದ ತಟ್ಟೆ ಹಿಡಿದೆಳೆಯುತ್ತದೆ. ತಟ್ಟೆಯನ್ನು ಅವನು ವೆಲ್ಡ್ ಮಾಡದೆ, ಕೈಯಲ್ಲೇ ತಿರುಗಿಸಿ ಬಿಚ್ಚುವಂಥ ನಟ್ಟು ಹಾಕಿದ್ದ. ಮೇಳದ ಸಾಮಾನು ಹೊರುವವರು ಹೆಚ್ಚಿನವರು ಮೊಮ್ಮಕ್ಕಳನ್ನು ಕಂಡವರು. ಪೈಪು ಒಬ್ಬರು, ತಟ್ಟೆ ಒಬ್ಬರು ಹೊತ್ತರೆ ಅವರ ಬೆನ್ನು ಉಳಿಯಲಿ ಎಂದು.

ಲಾಯಲ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಳತೆ ತಪ್ಪಿದ ಪೈಪಿಗೆ ಬೈಯುವನು, ರೇಡಿಯೋದ ಹವಾಮಾನದವನಿಗೆ ಬೈಯುವನು, ಊಟಕ್ಕೆ ಕರೆದದ್ದಕ್ಕೆ ಹೆಂಡತಿ ವರ್ನಾಗೂ ಬೈಯುವನು. ಅವನ ಬಾಯಿ ಮುಚ್ಚಿಸಬಲ್ಲವಳು ಒಬ್ಬಳೇ: ಅಕ್ಕ ಐನಾ. ಅಮ್ಮ ಸತ್ತ ಮೇಲೆ ಅವನ ತಲೆ ಬಾಚಿ, ಬುತ್ತಿ ಕಟ್ಟಿ, ಕಿವಿ ಹಿಂಡಿ ಶಾಲೆಗೆ ಕಳಿಸಿದವಳು. ಮೇಳದಲ್ಲಿ ಅವಳದು ಕುದುರೆ ಅಂಗಳದ ಗೇಟು ಕಾಯುವ ಕೆಲಸ. ಮಡಚುವ ಕುರ್ಚಿ, ಹುಲ್ಲಿನ ಟೋಪಿ, ಕೊರಳಲ್ಲಿ ಸೀಟಿ. ಕುದುರೆ ಬರುವಾಗ ಸೀಟಿ ಊದಿ ಕೈ ಅಡ್ಡ ಹಿಡಿದಳೆಂದರೆ ಸಂಸದನಾದರೂ ನಿಲ್ಲಬೇಕು. ಲಾಯಲ್ ಮಾಡಿದ ಎಲ್ಲಕ್ಕಿಂತ ಎತ್ತರದ ಸ್ಟ್ಯಾಂಡು ಅವಳ ಕುರ್ಚಿಯ ಹಿಂದೆ ನಿಲ್ಲುತ್ತಿತ್ತು.

ಆ ವರ್ಷ ಶುಕ್ರವಾರ ಸಂಜೆ ಲಾಯಲ್ ಒಂದೊಂದು ನಟ್ಟನ್ನೂ ತಾನೇ ಬಿಗಿ ಮಾಡಿ ಮನೆಗೆ ಹೋಗಿದ್ದ. ಶನಿವಾರ ಬೆಳಿಗ್ಗೆ ಮೈದಾನಕ್ಕೆ ಬಂದವನಿಗೆ ಮೊದಲು ಸಿಕ್ಕಿದ್ದು ಫುಟ್‌ಬಾಲ್ ಕ್ಲಬ್ಬಿನ ಸಾಸೇಜ್ ಡೇರೆ. ಒಲೆಯ ಮುಂದೆ ನಿಂತಿದ್ದವನು ಐನಾಳ ಮಗ ಟ್ರೆವರ್. ನಲವತ್ತು ದಾಟಿದವನು. ಹೆಂಡತಿ ಅವನನ್ನು ಬಿಟ್ಟು, ಮಕ್ಕಳನ್ನು ಕರೆದುಕೊಂಡು ಅಡಿಲೇಡಿಗೆ ಹೋದ ಮೇಲೆ ಕುಡಿತಕ್ಕೆ ಬಿದ್ದು, ಕೆಲಸ ಕಳೆದುಕೊಂಡು, ಹೇಗೋ ಆ ಚಳಿಗಾಲದಿಂದ ಬಾಟಲಿ ಬಿಟ್ಟಿದ್ದ. ಊರು ಅವನನ್ನು ನಂಬಿ ಒಂದು ಕೆಲಸ ಕೊಟ್ಟದ್ದು ಅದೇ ಮೊದಲು. ಬ್ರೆಡ್ಡಿನೊಳಗೆ ಸಾಸೇಜು, ಅದರ ಮೇಲೆ ಹುರಿದ ಈರುಳ್ಳಿ ಇಟ್ಟು ಮಾವನ ಕೈಗೆ ಕೊಟ್ಟ.

“ಈರುಳ್ಳಿ ಹದವಾಗಿ ಬೆಂದಿದೆ ಕಣೋ” ಎಂದ ಲಾಯಲ್. ಅವನ ಬಾಯಲ್ಲಿ ಹೊಗಳಿಕೆ ಬರುವುದು ಅಪರೂಪ. ಟ್ರೆವರ್ ತಲೆ ತಗ್ಗಿಸಿದ. ಪಾಪ, ಸಂಕೋಚ ಎಂದುಕೊಂಡು ಲಾಯಲ್ ಇನ್ನೊಂದು ಕೇಳಿ ತಿಂದ.

ಮಧ್ಯಾಹ್ನಕ್ಕೆ ಮೊದಲು ಗಾಳಿ ಎದ್ದಿತು. ಮಕ್ಕಳ ಪುಟ್ಟ ಕುದುರೆಗಳು ಗೇಟಿಗೆ ಬರುತ್ತಿದ್ದವು. ಐನಾ ಎದ್ದು ನಿಂತು ಸೀಟಿ ಊದಿ ಬಲಗೈ ಅಡ್ಡ ಚಾಚಿದ್ದಳು. ಹಿಂದಿನಿಂದ ಆ ಎತ್ತರದ ಬೋರ್ಡು ಸ್ಟ್ಯಾಂಡಿನ ಸಮೇತ ಮಗುಚಿ ಅವಳ ಮೇಲೆ ಬಿತ್ತು. ತೋಳು ಎರಡು ಕಡೆ ಮುರಿಯಿತು, ಕೆನ್ನೆ ಸೀಳಿತು. ಲಾಯಲ್ ಕುರಿಗಳ ಕಡೆಯಿಂದ ಓಡಿ ಬರುವಷ್ಟರಲ್ಲಿ ಅವಳನ್ನು ಮಲಗಿಸಿ ಮುಖಕ್ಕೆ ಬಟ್ಟೆ ಒತ್ತಿ ಹಿಡಿದಿದ್ದರು. ಸ್ಟ್ಯಾಂಡನ್ನು ಯಾರೋ ಬೇಲಿಯ ಹಿಂದಕ್ಕೆ ಎಳೆದು ಹಾಕಿದ್ದರು. ಉದ್ದ ಕಾಲಿನ ತುದಿ ಬೋಳಾಗಿತ್ತು.

“ತಟ್ಟೆ ಎಲ್ಲಿ?” ಎಂದು ಲಾಯಲ್ ಕಿರುಚಿದ.

“ನಟ್ಟು ಸಡಿಲ ಆಗಿತ್ತು ಅನ್ಸುತ್ತೆ” ಎಂದ ಮೇಳದ ಅಧ್ಯಕ್ಷ ಕೆಲ್ವಿನ್ ಬಾರ್ಚ್. ಲಾಯಲ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. “ಎಲ್ಲೋ ಉರುಳ್ಕೊಂಡು ಹೋಗಿರ್ಬೇಕು.”

“ಉರುಳ್ಕೊಂಡು ಹೋಗೋಕೆ ಅದೇನು ಕಿತ್ತಳೆ ಹಣ್ಣೇನೋ? ಉಕ್ಕು ಕಣೋ ಅದು, ಉಕ್ಕು!”

“ಸಿಟ್ಟು ಮಾಡ್ಕೋಬೇಡ ಗುರೂ. ಯಾರೂ ನಿನ್ನ ತಪ್ಪು ಅಂತಿಲ್ಲ.”

ಯಾರೂ ಅನ್ನದಿದ್ದರೆ ಆ ಮಾತು ಯಾಕೆ ಬಂತು? ಲಾಯಲ್ ಸುತ್ತ ನೋಡಿದ. ಎಲ್ಲರ ಮುಖದಲ್ಲೂ ಅದೇ ಮೃದುವಾದ, ಅಸಹ್ಯವಾದ ಕನಿಕರ. ಆಸ್ಪತ್ರೆಗೆ ಹೋದರೆ ಅಲ್ಲೂ ಅದೇ. ಐನಾ ನೋವಿನ ಔಷಧಿಯ ಮಂಪರಿನಲ್ಲಿ ಎಡಗೈಯಿಂದ ಅವನ ಬೆರಳು ಹಿಡಿದು, “ಅವಸರದಲ್ಲಿ ಇದ್ದೆ ಅನ್ಸುತ್ತೆ, ಹೋಗ್ಲಿ ಬಿಡು. ನಾನೇನೂ ಮನಸ್ಸಿಗೆ ಹಚ್ಕೊಂಡಿಲ್ಲ” ಎಂದಳು. ಊರಿನವರ ಮಾತು ಚರ್ಮ ಸುಟ್ಟಿತ್ತು, ಇದು ಕರುಳಿಗೇ ಇಳಿಯಿತು. ಅವಳು ಅವನ ಕೈಕೆಲಸವನ್ನು ಬಲ್ಲವಳು. ಅವಳೇ ನಂಬಿದಳೆಂದರೆ ಇನ್ನು ಯಾರ ಮುಂದೆ ಹೇಳುವುದು?

ಒಂದು ವಾರ ಅವನು ಊರಿನ ಕ್ಷಮೆಯನ್ನು ನುಂಗಿದ. ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಮೇಳದ ಸಾಮಾನು ಎತ್ತಿಡುವ ದಿನ ಬಂದಾಗ, ತಟ್ಟೆ ಹುಡುಕಲೇಬೇಕೆಂದು ಹಟ ಹಿಡಿದು ಮೈದಾನಕ್ಕೆ ಹೋದ. ಬೇಲಿಯುದ್ದಕ್ಕೂ ನೋಡಿದ, ಕುರಿ ದೊಡ್ಡಿ ನೋಡಿದ, ಕೊನೆಗೆ ಫುಟ್‌ಬಾಲ್ ಕ್ಲಬ್ಬಿನ ಹಿಂಬದಿಗೆ ಬಂದ. ಅಲ್ಲಿ ಗ್ಯಾಸ್ ಒಲೆಯ ಮೇಲೆ ತಟ್ಟೆ ಅಂಗಾತ ಕೂತಿತ್ತು. ಎಣ್ಣೆ ಸೋರದ ಹಾಗೆ ನಡುವಿನ ತೂತಿಗೆ ಬೋಲ್ಟು ಜಡಿದಿದ್ದರು. ಎಣ್ಣೆ ಸುಟ್ಟು ಕಪ್ಪಾಗಿ, ಅಂಚಿಗೆ ಈರುಳ್ಳಿಯ ಎಳೆಗಳು ಕರಕಲಾಗಿ ಅಂಟಿದ್ದವು. ಅಂಚಿನ ಒಂದು ಕಡೆ ಚೂರು ಹಾರಿಹೋದ ಗುರುತು. ಅಪ್ಪನ ನೇಗಿಲು ಹೊಲದ ಕಲ್ಲಿಗೆ ಹೊಡೆದಾಗ ಆದದ್ದು. ಆ ದಿನ ಅಪ್ಪ ಆಡಿದ ಬೈಗುಳಗಳೂ ಅವನಿಗೆ ನೆನಪಿದ್ದವು. ತಾನು ಆ ತಟ್ಟೆಯ ಮೇಲೆ ಬೆಂದದ್ದನ್ನು ತಿಂದು, ಹೊಗಳಿ, ಇನ್ನೊಂದು ಕೇಳಿ ತಿಂದದ್ದು ನೆನಪಾಯಿತು.

ಟ್ರೆವರ್ ನಲ್ಲಿಯ ಹತ್ತಿರ ಇಕ್ಕಳ ತೊಳೆಯುತ್ತಿದ್ದ.

“ಏನೋ ಇದು?”

ಟ್ರೆವರ್ ಬಿಳಿಚಿಕೊಂಡ. “ಬಾಡಿಗೆ ಒಲೆ ತಂದಿದ್ದು ಮಾವ. ಅದರ ತಟ್ಟೆ ತುಕ್ಕು ಹಿಡಿದು ತೂತು ಬಿದ್ದಿತ್ತು. ಶುಕ್ರವಾರ ಅಷ್ಟೊತ್ತಿಗೆ ಯಾವ ಅಂಗಡಿ ತೆಗ್ದಿರುತ್ತೆ?”

“ಅದಕ್ಕೆ ನನ್ನ ಸ್ಟ್ಯಾಂಡ್ ಬಿಚ್ಚಿದ್ಯಾ? ಕೇಳೋಕೆ ಬಾಯಿರ್ಲಿಲ್ವಾ?”

“ನಮ್ಮೂರಲ್ಲಿ ಯಾರು ಯಾರನ್ನ ಕೇಳ್ತಾರೆ ಮಾವ? ನಿನ್ನ ಏಣಿ ಹೋದ ವರ್ಷದಿಂದ ಬೌಲಿಂಗ್ ಕ್ಲಬ್ಬಲ್ಲಿದೆ.”

“ಏಣಿ ಒಯ್ದ್ರೆ ಯಾರ ಕೈಯೂ ಮುರಿಯಲ್ಲ!”

ಟ್ರೆವರ್ ಹೇಳಿದ್ದು ಸುಳ್ಳಲ್ಲ. ಇಲ್ಲಿ ಬೀಗ ಹಾಕಿದವನನ್ನೇ ಜನ ಅನುಮಾನದಿಂದ ನೋಡುತ್ತಾರೆ. ಬೇಕಾದದ್ದನ್ನು ಬೇಕಾದವರು ಒಯ್ಯುತ್ತಾರೆ, ಯಾವಾಗಲೋ ಬೇಲಿಗೆ ಒರಗಿಸಿ ಹೋಗುತ್ತಾರೆ. ಲಾಯಲ್‌ನ ಶೆಡ್ಡಿನಲ್ಲಿಯೂ ಕೆಲ್ವಿನ್‌ನ ಗಾಡಿ ಎತ್ತುವ ಜಾಕ್ ವರ್ಷಗಟ್ಟಲೆ ಬಿದ್ದಿತ್ತು. ಆ ಧಾರಾಳತನವನ್ನು ಲಾಯಲ್ ಮೆಚ್ಚಿಕೊಂಡೇ ಬದುಕಿದ್ದವನು. ಆ ಕ್ಷಣಕ್ಕೆ ಅದೆಲ್ಲ ಅವನ ಕಣ್ಣಿಗೆ ದರೋಡೆಯಾಗಿ ಕಂಡಿತು.

“ನಿಮ್ಮಮ್ಮನಿಗೆ ಗೊತ್ತೇನೋ ಇದು?”

ಟ್ರೆವರ್ ನಲ್ಲಿ ನಿಲ್ಲಿಸಿದ. “ಅಮ್ಮನ್ನೇ ಕೇಳು” ಎಂದ, ನೆಲ ನೋಡುತ್ತ.

“ನಾನ್ಯಾಕೋ ಕೇಳ್ಲಿ? ನೀನು ಹೋಗಿ ಹೇಳು! ಗಂಡಸಲ್ವಾ ನೀನು?”

ತಟ್ಟೆಯನ್ನು ಎತ್ತಿ ಗಾಡಿಯೊಳಗೆ ಎಸೆದು ಆಸ್ಪತ್ರೆಯ ದಾರಿ ಹಿಡಿದ. ಆದರೆ ದಾರಿ ಉದ್ದ. ಗೋಧಿ ಹೊಲಗಳ ನಡುವೆ ಹೋಗುತ್ತ ಸಿಟ್ಟಿನೊಳಗಿಂದ ಇನ್ನೊಂದು ಮಾತು ಎದ್ದಿತು. ಹೊತ್ತು ಹೆತ್ತ ಮಗನೇ ಕೈ ಮುರಿದ ಎಂದು ಮಲಗಿರುವವಳಿಗೆ ಹೇಗೆ ಹೇಳುವುದು? ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸುವಷ್ಟರಲ್ಲಿ ಅವನು ಸೋತಿದ್ದ. ಅಕ್ಕನಿಗೋಸ್ಕರ ಬಾಯಿ ಮುಚ್ಚಿಕೊಂಡಿರುವುದೆಂದು ತೀರ್ಮಾನಿಸಿ, ವರ್ನಾ ಬೆಳಿಗ್ಗೆ ಕಟ್ಟಿಕೊಟ್ಟಿದ್ದ ಬಿಸ್ಕತ್ತಿನ ಡಬ್ಬಿ ಹಿಡಿದು ಒಳಗೆ ಹೋಗಿ ಕೂತ.

ಐನಾ ಅವನ ಮಸಿ ಹಿಡಿದ ಕೈಗಳನ್ನು ನೋಡಿದಳು.

“ತಟ್ಟೆ ಸಿಕ್ತಾ?” ಎಂದಳು.

ಲಾಯಲ್‌ಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲ ತಿಳಿಯಿತು.

“ನಿಂಗೆ ಗೊತ್ತಿತ್ತು.”

“ನಾನೇ ಬಿಚ್ಚಿಕೊಟ್ಟೆ ಕಣೋ. ನೀನು ಆ ಕಡೆ ಹೋದೆ, ಹುಡುಗ ಈ ಕಡೆ ಬಂದ. ‘ನಂಬಿ ಒಂದು ಕೆಲ್ಸ ಕೊಟ್ರು, ಅದನ್ನೂ ಕೆಡಿಸ್ಕೊಂಡೆ’ ಅಂತ ಅಳ್ತಿದ್ದ. ಇಷ್ಟು ದಪ್ಪ ಪೈಪಿದೆ, ಒಂದು ದಿನ ನಿಲ್ಲಲ್ವಾ ಅಂದ್ಕೊಂಡೆ.”

“ಮತ್ತೆ ನನ್ನ ಕ್ಷಮಿಸಿದ್ಯಲ್ಲಾ? ಯಾವ ಬಾಯಲ್ಲಿ ಕ್ಷಮಿಸಿದೆ?”

“ಮೆಲ್ಲಗೆ ಮಾತಾಡು. ನೀನಾದ್ರೆ ತಡ್ಕೋತೀಯ. ನಾಲ್ಕು ಜನರ ಮೇಲೆ ಎಗರಾಡಿ ಸರಿಹೋಗ್ತೀಯ. ಅವನಿಗೆ ಆಗಲ್ಲ. ತಾಯಿ ಕೈ ಮುರಿದೋನು ಅಂತ ಊರು ಆಡ್ಕೊಂಡ್ರೆ ಮತ್ತೆ ಬಾಟ್ಲಿ ಹಿಡೀತಾನೆ. ಈ ಸಲ ಹಿಡಿದ್ರೆ ನನಗೆ ಮಗ ಉಳಿಯಲ್ಲ.”

“ನನ್ನ ಒಂದು ಮಾತು ಕೇಳ್ಬೋದಿತ್ತಲ್ಲ!”

“ಕೇಳಿದ್ರೆ ಒಪ್ತಿದ್ಯಾ?”

“ಒಪ್ತಿದ್ದೆ!” ಅವನ ಕೂಗಿಗೆ ನರ್ಸ್ ಬಾಗಿಲಲ್ಲಿ ಇಣುಕಿದಳು. ಒಪ್ಪುತ್ತಿದ್ದುದು ನಿಜ, ಉರಿಯುತ್ತಿದ್ದುದು ಅದಕ್ಕೇ. ಅಕ್ಕ ಕೇಳಿದ್ದರೆ ಇಡೀ ಊರಿನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಕೇಳದೆ ಅವನ ತಲೆಯನ್ನು ತಾನೇ ಹಿಡಿದು ತಗ್ಗಿಸಿದ್ದಳು.

“ಹಾಗಾದ್ರೆ ಈಗ ಕೇಳ್ತೀನಿ” ಎಂದಳು ಐನಾ. “ಹೊತ್ಕೋ, ಲಾಯಲ್.”

“ಹೊರಿಸಾದ್ಮೇಲೆ ಕೇಳೋದಾ? ಮೇಳದ ಸಭೆ ಬರುತ್ತೆ. ಅಷ್ಟರೊಳಗೆ ನೀವಿಬ್ರಲ್ಲಿ ಯಾರಾದ್ರೂ ಬಾಯಿ ಬಿಡಿ. ಇಲ್ದಿದ್ರೆ ನಾನು ಬಿಡ್ತೀನಿ.”

ಮನೆಯಲ್ಲಿ ವರ್ನಾ ಎಲ್ಲ ಕೇಳಿಸಿಕೊಂಡು ಆಲೂಗಡ್ಡೆ ಸುಲಿಯುತ್ತಲೇ ಕೇಳಿದಳು, “ಹೇಳಿ ನೀನು ಪಡ್ಕೊಳ್ಳೋದೇನು?”

“ನನ್ನ ಕೆಲ್ಸ ಸರಿಯಿತ್ತು ಅನ್ನೋದು.”

“ಅದು ನನಗೆ ಗೊತ್ತು. ಐನಾಗೆ ಗೊತ್ತು. ಟ್ರೆವರ್‌ಗೆ ಗೊತ್ತು.”

“ಗೊತ್ತಿದ್ದೋರೇ ನನ್ನ ಮುಖಕ್ಕೆ ಮಸಿ ಬಳ್ದಿದ್ದು!” ಎಂದು ಅವನು ಊಟ ಬಿಟ್ಟು ಎದ್ದ.

ಸಭೆ ಮೈದಾನದ ಪಕ್ಕದ ಹಾಲ್‌ನಲ್ಲಿ. ಮೂಲೆಯಲ್ಲಿ ಚಹಾದ ನೀರು ಕುದಿಯುತ್ತಿತ್ತು. ಹಿಂದಿನ ಸಾಲಿನಲ್ಲಿ ಟ್ರೆವರ್ ತನ್ನ ಬೂಟು ನೋಡಿಕೊಂಡು ಕೂತಿದ್ದ. ಪಕ್ಕದಲ್ಲಿ ಐನಾ, ಬಲಗೈಗೆ ಪ್ಲಾಸ್ಟರು, ಕೆನ್ನೆಯ ಮೇಲೆ ಹೊಲಿಗೆಯ ಗೆರೆ. ಕೆಲ್ವಿನ್ ಗಂಟಲು ಸರಿಮಾಡಿಕೊಂಡು, ಮುಂದಿನ ವರ್ಷದಿಂದ ಬೋರ್ಡುಗಳಿಗೆ ಪಟ್ಟಣದಿಂದ ಪ್ಲಾಸ್ಟಿಕ್ ಸ್ಟ್ಯಾಂಡು ತರಿಸುವ ವಿಚಾರವಿದೆ, ಅಡಿಯಲ್ಲಿ ನೀರು ತುಂಬಿಸಿ ನಿಲ್ಲಿಸುವಂಥದು ಎಂದ. “ಲಾಯಲ್, ಬೇಜಾರ್ ಮಾಡ್ಕೋಬೇಡ. ಇಷ್ಟು ವರ್ಷ ದುಡಿದಿದ್ದೀಯ. ಎಲ್ಲಾರೂ ಒಂದ್ಸಲ ಚಪ್ಪಾಳೆ ತಟ್ಟಿ.”

ಚಪ್ಪಾಳೆ ಬಿತ್ತು. ಆ ಸದ್ದು ಲಾಯಲ್‌ನ ಕಪಾಳಕ್ಕೇ ಬಿದ್ದ ಹಾಗಾಯಿತು. ಅವನು ತಿರುಗಿ ಟ್ರೆವರ್‌ನನ್ನು ನೋಡಿದ. ಟ್ರೆವರ್ ತಲೆ ಎತ್ತಲಿಲ್ಲ. ಐನಾ ತಮ್ಮನನ್ನೇ ನೋಡುತ್ತಿದ್ದಳು, ಬೇಡ ಎಂದು ಒಂದಿಷ್ಟೇ ತಲೆಯಾಡಿಸಿದಳು. ಲಾಯಲ್ ಎದ್ದು ನಿಂತ.

“ನಿಮ್ಮ ಚಪ್ಪಾಳೆ ನಿಮ್ಮತ್ರಾನೇ ಇಟ್ಕೊಳ್ಳಿ. ನನ್ನ ನಟ್ಟು ಸಡಿಲ ಆಗಿರ್ಲಿಲ್ಲ. ಆ ಸ್ಟ್ಯಾಂಡಿನ ತಟ್ಟೆ ಬಿಚ್ಚಿ ಅದರ ಮೇಲೆ ಈರುಳ್ಳಿ ಹುರಿದ್ರು. ನೀವೆಲ್ಲ ತಿಂದ್ರಿ. ನಾನೂ ತಿಂದೆ. ಬಿಚ್ಚಿಕೊಟ್ಟೋಳು ನನ್ನ ಅಕ್ಕ, ಒಯ್ದೋನು ಅವಳ ಮಗ.”

ಹಾಲ್‌ನಲ್ಲಿ ಎಲ್ಲರ ತಲೆಯೂ ಹಿಂದಿನ ಸಾಲಿನ ಕಡೆ ತಿರುಗಿತು. ಆಮೇಲೆ ಕ್ಲಬ್ಬಿನವನೊಬ್ಬ, “ಅದಕ್ಕೇ ಈ ಸಲ ಈರುಳ್ಳಿಗೆ ಅಷ್ಟು ರುಚಿ ಇದ್ದಿದ್ದು!” ಎಂದ. ಯಾರೋ ಕಿಸಕ್ಕೆಂದರು. ಇನ್ನೊಬ್ಬರು ತಡೆಯಲಾರದೆ ನಕ್ಕರು. ನೋಡನೋಡುತ್ತ ಇಡೀ ಸಭೆಯೇ ಬಿದ್ದು ಬಿದ್ದು ನಗತೊಡಗಿತು. “ಹೋಗ್ಲಿ ಬಿಡೋ ಟ್ರೆವರ್, ಯಾರಿಗಾದ್ರೂ ಆಗುತ್ತೆ” ಎಂದ ಕೆಲ್ವಿನ್, ಕಣ್ಣು ಒರೆಸಿಕೊಳ್ಳುತ್ತ. ಟ್ರೆವರ್‌ನ ಮುಖ ಕೆಂಪಾಯಿತು, ಕೊನೆಗೆ ಅವನೂ ಅಳುತ್ತ ನಕ್ಕುಬಿಟ್ಟ. ಯಾರೋ ಬೆನ್ನು ತಟ್ಟಿದರು, ಯಾರೋ ಚಹಾ ತಂದುಕೊಟ್ಟರು. “ಹಾಗಾದ್ರೆ ಪ್ಲಾಸ್ಟಿಕ್ ವಿಷ್ಯ ಬಿಡೋಣ” ಎಂದು ಕೆಲ್ವಿನ್ ಮುಂದಿನ ಮಾತಿಗೆ ಹೋದ. ಲಾಯಲ್ ಇನ್ನೂ ನಿಂತೇ ಇದ್ದ. ತಪ್ಪು ತಿಳಿದೆವು ಎಂದು ಒಂದು ನರಪಿಳ್ಳೆಯೂ ಅವನಿಗೆ ಹೇಳಲಿಲ್ಲ.

ಅವನು ಹೊರಗೆ ಬಂದಾಗ ಐನಾ ಒಬ್ಬಳೇ ಕಾರಿನ ಹತ್ತಿರ ನಿಂತು ಎಡಗೈಯಲ್ಲಿ ಬಾಗಿಲು ತೆಗೆಯಲು ಹೆಣಗುತ್ತಿದ್ದಳು.

“ನೋಡ್ದ್ಯಲ್ಲ ಅಕ್ಕ” ಎಂದ ಲಾಯಲ್. “ಸುಮ್ನೆ ಹೆದರ್ಕೊಂಡಿದ್ದೆ. ನಿನ್ನ ಮಗನಿಗೆ ಏನೂ ಆಗ್ಲಿಲ್ಲ. ಒಳಗೆ ನಗ್ತಾ ಕೂತಿದ್ದಾನೆ.”

“ಅವರು ನಗ್ತಾರೆ ಅಂತ ನಿಂಗೆ ಗೊತ್ತಿತ್ತಾ?”

ಲಾಯಲ್ ಹಾಲ್ ಕಡೆ ತಿರುಗಿ ನೋಡಿದ.

“ಗೊತ್ತಿರ್ಲಿಲ್ಲ” ಎಂದಳು ಐನಾ. “ಗೊತ್ತಿಲ್ದೇ ಹೇಳ್ದೆ. ಅವನು ಸತ್ರೂ ಪರವಾಗಿಲ್ಲ ಅಂದ್ಕೊಂಡು ಹೇಳ್ದೆ. ಇದನ್ನ ಮಾತ್ರ ನಾನು ಕ್ಷಮಿಸಲ್ಲ ಕಣೋ.”

ಅವಳ ಕೈಯಿಂದ ಬಾಗಿಲು ಮತ್ತೆ ಜಾರಿತು. ಲಾಯಲ್ ಕೈ ಚಾಚಿದ. ಅವಳು ಅವನ ಭುಜದ ಮೇಲಿಂದ ಹಾಲ್ ಕಡೆ ನೋಡುತ್ತ, “ಟ್ರೆವರ್!” ಎಂದು ಕೂಗಿದಳು. ಟ್ರೆವರ್ ಚಹಾದ ಲೋಟ ಹಿಡಿದೇ ಓಡಿ ಬಂದ, ಅದನ್ನು ನೆಲಕ್ಕಿಟ್ಟು ಅಮ್ಮನನ್ನು ಕೂರಿಸಿದ, ಪ್ಲಾಸ್ಟರಿನ ಮೇಲೆ ಮೆಲ್ಲಗೆ ಬೆಲ್ಟು ಹಾಕಿದ. ಆಮೇಲೆ ಮಾವನ ಎರಡೂ ಕೈ ಹಿಡಿದುಕೊಂಡು, “ಥ್ಯಾಂಕ್ಸ್ ಮಾವ. ಎದೆ ಹಗುರಾಯ್ತು. ನಾನೇ ಹೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ” ಎಂದ.

ಐನಾ ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದಳು. ಲಾಯಲ್ ಕಿಟಕಿಗೆ ಬಗ್ಗಿದ. ಕ್ಷಮಿಸು ಅಕ್ಕ ಎನ್ನಬೇಕೆಂದು ಬಾಯಿ ತೆರೆದ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಮಾತು ಹೊರಗೆ ಬರುವಷ್ಟರಲ್ಲಿ ಟ್ರೆವರ್ ಕಾರು ಹೊರಡಿಸಿದ.